ಬಾಗಿಲಲ್ಲಿ ಹಾರ ಹಾಕುವವಳು

ಆಗಸ್ಟ್ 4, ಸೋಮವಾರ

ಡಾಕ್ಟರು ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. ಎದೆ ಢವಢವ ಎನ್ನುವುದಕ್ಕೆ ಹೃದಯದಲ್ಲಿ ಏನೂ ಕಾರಣವಿಲ್ಲವಂತೆ, ಎಲ್ಲಾ ತಲೆಯಲ್ಲಿದೆಯಂತೆ. ತಲೆಯಲ್ಲಿರುವುದನ್ನು ಕಾಗದಕ್ಕೆ ಇಳಿಸಿ, ಯಾವ ಭಾಷೆಯಾದರೂ ಸರಿ ಎಂದರು. ಮನೆಯಲ್ಲಿ ನಾವು ಆಡುವುದು ಉರ್ದು, ಕೆಲಸದಲ್ಲಿ ಮುರುಕು ಇಂಗ್ಲಿಷ್. ಬರೆಯಲು ಬರುವುದು ಕನ್ನಡ ಮಾತ್ರ. ಅದೂ ತಿಪಟೂರಿನ ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸಿನ ಅರ್ಧದವರೆಗೆ. ಅಮ್ಮಿ ಹಾಸಿಗೆ ಹಿಡಿದಾಗ ಬಿಡಿಸಿದರು. ಆ ಪುಸ್ತಕದ ಉಳಿದರ್ಧದಲ್ಲಿ ಏನಿತ್ತೋ ಎಂದು ಈಗಲೂ ಒಮ್ಮೊಮ್ಮೆ ಚಿಂತೆಯಾಗುತ್ತದೆ.

ಚಿಂತೆಗೇನು ಬರವೇ? ಇವರ ಬೆನ್ನು ನೆಟ್ಟಗಾಗಲಿಲ್ಲ, ವಿಮಾನ ನಿಲ್ದಾಣದಲ್ಲಿ ಸಾಮಾನು ಎತ್ತುವ ಕೆಲಸ ಹೋಯಿತು. ಮಗಳು ಅರ್ಶಿಯಾ ಊರಿನ ಆ ತುದಿಯ ಆಲ್ಬನಿಯ ಕಾಲೇಜಿಗೆ ನಮ್ಮ ಈ ತುದಿಯ ಪಾಪಟೋಟೊಯಿಯಿಂದ ರೈಲು, ಬಸ್ಸು ಎಂದು ಅಲೆಯುತ್ತಾಳೆ, ಮನೆ ಸೇರುವವರೆಗೆ ನನಗೆ ಅನ್ನ ಇಳಿಯುವುದಿಲ್ಲ. ಇವತ್ತು ಇನ್ನೊಂದು. ನಾನು ಬಟ್ಟೆ ಒಗೆಯುವ ಹೋಟೆಲಿನಲ್ಲಿ, ಅಂದರೆ ಪೇಟೆ ನಡುವಿನ, ಜೂಜಿನ ಕೋಣೆಯೂ ಇರುವ ಅಲೋಹಾ ಗ್ರ್ಯಾಂಡ್‌ನಲ್ಲಿ, ಒಗೆತವನ್ನೆಲ್ಲ ಹೊರಗಿನ ಕಂಪನಿಗೆ ಕೊಡುತ್ತಾರಂತೆ. ಉಳಿದವರನ್ನು ಕಳಿಸಿಬಿಟ್ಟರು. ಮ್ಯಾನೇಜರ್ ಟ್ರೇಸಿ ನನ್ನನ್ನು ಕರೆದು, 'ಜಮೀಲಾ, ನಿನ್ನ ನಗು ಚೆನ್ನಾಗಿದೆ, ಬಾಗಿಲಲ್ಲಿ ನಿಂತು ಬಂದವರಿಗೆ ಹಾರ ಹಾಕುತ್ತೀಯಾ?' ಎಂದಳು. ಮೂರು ವರ್ಷ ನೆಲಮಾಳಿಗೆಯಲ್ಲಿದ್ದೆ. ನಾನು ನಕ್ಕಿದ್ದನ್ನು ಅವಳು ಯಾವಾಗ ನೋಡಿದಳೋ.

ಇವರಿಗೆ ಹೇಳಿದೆ. ಗೋಡೆ ಕಡೆ ತಿರುಗಿ ಮಲಗಿದ್ದರು. 'ಹಾಸಿಗೆ ಬಟ್ಟೆ ಒಗೆಯೋದು ಬೇರೆ, ಜೂಜಿಗೆ ಬಂದೋರಿಗೆ ಹಾರ ಹಾಕೋದು ಬೇರೆ' ಎಂದರು. ಹಾಗಾದರೆ ಬೇಡವೇ ಎಂದೆ. ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಂಡರು.

ಆಗಸ್ಟ್ 9

ಅದು ಬಾಗಿಲೇ ಅಲ್ಲ, ತಾನಾಗಿ ಸರಿಯುವ ಗಾಜು. ಒಳಗೆ ಕಾಲಿಟ್ಟರೆ ಪ್ಲಾಸ್ಟಿಕ್ ತೆಂಗಿನಮರಗಳು. ತೆಂಗಿನ ಸೀಮೆಯಿಂದ ಬಂದವಳಿಗೆ ಅವನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಾಯಿಗಳು ಕಾಂಡದ ನಡುವಿನಿಂದ ಹೊರಟಿವೆ! ನನಗೆ ದೊಡ್ಡ ಹೂವಿನ ನೀಲಿ ಅಂಗಿ ಕೊಟ್ಟರು. ಮೊಣಕೈ ಮುಚ್ಚುವುದಿಲ್ಲ. ಒಳಗೊಂದು ಉದ್ದ ತೋಳಿನದು ಹಾಕಿಕೊಂಡು, ತಲೆಗೆ ಅದೇ ಬಣ್ಣದ ಬಟ್ಟೆ ಕಟ್ಟಿದೆ. ಯಾರಾದರೂ ಏನಾದರೂ ಅಂದರೆ ಎಂದು ರೈಲಿನುದ್ದಕ್ಕೂ ಉತ್ತರ ಕಟ್ಟಿಕೊಂಡು ಹೋದೆ. ಯಾರೂ ಏನೂ ಅನ್ನಲಿಲ್ಲ.

ಕಾವಲಿನ ಸಿಯೋನೆ ಟೋಂಗಾದವನು, ಬಾಗಿಲಿನಷ್ಟೇ ಎತ್ತರ. ಅವನಿಗೂ ಅದೇ ಅಂಗಿ.

'ನಿನ್ನ ಹವಾಯಿ ಅಂಗಿ ಚೆನ್ನಾಗಿದೆ' ಎಂದೆ.

'ಹವಾಯಿಯನ್ನು ನಾನು ಟೀವಿಯಲ್ಲಿ ನೋಡಿದ್ದು ಸಿಸ್ಟರ್. ಟ್ರೇಸಿಗೆ ಸಮುದ್ರ ಎಲ್ಲಾ ಒಂದೇ' ಎಂದ.

ಬಾಗಿಲಿನಿಂದ ಲಿಫ್ಟಿನವರೆಗೆ ಗೋಡೆ ತುಂಬ ಹಳೆಯ ಫೋಟೋಗಳು. ಪ್ರವಾಸಿಗರು ಬಂದರೆ ಅವುಗಳ ಕಥೆಯನ್ನು ನಾನು ಹೇಳಬೇಕು. ಇಂಗ್ಲಿಷನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದೆ. ಒಬ್ಬ ಹಡಗಿನ ಅಡುಗೆಯವನು ಹವಾಯಿಯ ಹೊನೊಲುಲುವಿನಿಂದ ತಿರುಗಿ ಬಂದು ಇಲ್ಲಿ ಹೆಂಡದಂಗಡಿ ತೆರೆದನಂತೆ. ಮಹಡಿಯ ಮೇಲೆ ಕಳ್ಳತನದಲ್ಲಿ ಕುದುರೆ ಪಣ ಕಟ್ಟಿಸಿಕೊಳ್ಳುವವರು ಟೆಲಿಫೋನು ಇಟ್ಟುಕೊಂಡಿದ್ದರಂತೆ. ಪೊಲೀಸರು ಬಂದರೆ ಒಗೆಯುವ ಕೋಣೆಯ ಕಿಟಕಿಯಿಂದ ಹಾರುತ್ತಿದ್ದರಂತೆ. ಆಮೇಲೆ ಹೆಂಗಸರ ಹೌಸಿ ಆಟ, ಆಮೇಲೆ ಗುಂಡಿ ಒತ್ತುವ ಮೆಷೀನು, ಆಮೇಲೆ ಕಾನೂನೇ ಬಂದು ಬಾಗಿಲು ತೆರೆಯಿತು. ನಮ್ಮ ತಿಪಟೂರಿನಲ್ಲಿ ಕೊಬ್ಬರಿ ಮಂಡಿಯ ಹಿಂದೆ ಅಂದರ್-ಬಾಹರ್ ಆಡುವವರು ಗೋಡೆ ಹಾರಿ ನಮ್ಮ ಹಿತ್ತಲಿಗೆ ಬೀಳುತ್ತಿದ್ದರು. ಸಿಕ್ಕವರ ಫೋಟೋ ಮಾರನೇ ದಿನ ಪೇಪರಿನಲ್ಲಿ, ತಲೆ ಬಗ್ಗಿಸಿ ಸಾಲಾಗಿ ಕೂತದ್ದು. ಇಲ್ಲಿಯ ಗೋಡೆಯಲ್ಲಿ ಎಲ್ಲರೂ ಗೆದ್ದವರು, ನಗುತ್ತಿದ್ದಾರೆ. ಸೋತವರ ಫೋಟೋ ಕಾವಲಿನವರ ಕೋಣೆಯಲ್ಲಿದೆ. ಚಟ ಬಿಡಲಾಗದೆ, ನಮ್ಮನ್ನು ಇನ್ನು ಒಳಗೆ ಬಿಡಬೇಡಿ ಎಂದು ತಾವೇ ಬರೆದುಕೊಟ್ಟವರು. ಅವರು ಬಂದರೆ ಹಾರ ಹಾಕದೆ ಸಿಯೋನೆಗೆ ಕಣ್ಸನ್ನೆ ಮಾಡಬೇಕು. ಅದೂ ನನ್ನ ಕೆಲಸ. ಮುಖ ಮರೆತರೆ? ಬೇರೆ ಯಾರನ್ನೋ ತೋರಿಸಿಬಿಟ್ಟರೆ?

ಆಗಸ್ಟ್ 23

ಚಂದ್ರಿಕಕ್ಕ ಬಂದಿದ್ದಳು. ಬಂದವಳೇ ಅಡುಗೆಮನೆಯ ಬಾಗಿಲು ಹಾಕಿಕೊಂಡಳು.

ಅವಳೂ ವಾಸುದೇವಣ್ಣನೂ ನಮ್ಮೂರಿನವರೇ, ಕೋಟೆ ಬೀದಿಯ ಕಡೆಯವರು. ನಾವು ಈ ದೇಶಕ್ಕೆ ಬಂದು ಇಳಿದಾಗ ಬಾಡಿಗೆ ಮನೆ ಸಿಗುವವರೆಗೆ ತಮ್ಮ ಡೈರಿಯ ಹಿಂದಿನ ಕೋಣೆಯಲ್ಲಿ ಇರಿಸಿಕೊಂಡಿದ್ದರು. ಹಾಲು, ಬ್ರೆಡ್ಡು, ಕರಿಬೇವು ಮಾರುವ ಮೂಲೆ ಅಂಗಡಿ. ಇಬ್ಬರೂ ಹಗಲೂ ಸಂಜೆಯೂ ನಿಂತು ಬೆಳೆಸಿದ್ದು. ಅರ್ಶಿಯಾ ಮೊದಲ ಹೆಜ್ಜೆ ಇಟ್ಟದ್ದು ಅಲ್ಲಿಯ ಫ್ರಿಜ್ಜು ಹಿಡಿದುಕೊಂಡು.

'ಇವ್ರು ಮತ್ತೆ ಜೂಜು ಶುರು ಮಾಡಿದ್ರು ಕಣೆ' ಎಂದಳು. 'ಈ ಸಲ ದೇವರ ಮುಂದೆ ಕೂರಿಸಿ ಕೇಳ್ದೆ. ಅತ್ತುಬಿಟ್ರು. ಕೌನ್ಸೆಲರ್ ಮುಂದೆ ತಾವೇ ಸೈನ್ ಹಾಕಿದ್ರು, ನನ್ನ ಎಲ್ಲೂ ಒಳಗೆ ಬಿಡಬೇಡಿ ಅಂತ. ಇದೇ ಕೊನೆ ಜಮೀಲಾ. ಇನ್ನೊಂದ್ಸಲ ಆದ್ರೆ ಅಂಗಡಿ ಉಳಿಯಲ್ಲ.'

'ನಮ್ಮ ಹೋಟೆಲಿಗೂ ಕೊಟ್ಟಿದ್ದಾರಾ ಅಕ್ಕಾ?'

'ಅಲ್ಲಿಗೇ ಮೊದಲು ಕೊಟ್ಟಿದ್ದು. ಫೋಟೋನೂ ನಾನೇ ಕೊಟ್ಟೆ.'

ಮೊಬೈಲಿನಲ್ಲಿ ತೋರಿಸಿದಳು. ಅಣ್ಣನ ಅರವತ್ತರ ಶಾಂತಿಯ ಫೋಟೋ! ತಲೆಗೆ ಜರಿ ಅಂಚಿನ ಮೈಸೂರು ಪೇಟ, ಹಣೆಗೆ ಗಂಧ, ಗಲ್ಲದವರೆಗೆ ಗುಲಾಬಿ ಹಾರ, ಹೆಗಲ ಮೇಲೆ ಶಾಲು. ಕಣ್ಣು, ಮೂಗು ಬಿಟ್ಟರೆ ಮನುಷ್ಯನೇ ಕಾಣುವುದಿಲ್ಲ.

'ಅಕ್ಕಾ, ಬೇರೆ ಇರಲಿಲ್ವಾ? ಅಂಗಡೀಲಿ ಕೂತಿರೋದು?'

'ಬನಿಯನ್ನಲ್ಲಿ ಕೂತಿರೋದು ಕೊಡ್ಲಾ? ಗಂಡನ ಫೋಟೋ ಕಣೆ. ಕಳ್ಳರ ಸಾಲಲ್ಲಿ ಅಂಟಿಸ್ತಾರೆ ಅಂತ ಗೊತ್ತಿದ್ದೂ ಕೊಡ್ತಿರೋದು. ಇರೋದ್ರಲ್ಲಿ ಮರ್ಯಾದೆಯಾಗಿ ಇರ್ಲಿ ಅಂತ.'

ಅವಳು ಕಣ್ಣೊರೆಸಿಕೊಂಡಳು. ಹೋಗುವಾಗ ನನ್ನ ಕೈ ಹಿಡಿದುಕೊಂಡು, 'ನೀನಿದ್ದೀಯಲ್ಲ ಅಲ್ಲಿ' ಎಂದಳು. ಆಗಿನಿಂದ ಎದೆ ಢವಢವ.

ಆಗಸ್ಟ್ 26

ಫೋಟೋ ಬಂದಿದೆ. ಸಿಯೋನೆ ಬಿದ್ದು ಬಿದ್ದು ನಕ್ಕ. 'ಈ ಮಹಾರಾಜ ಬಂದರೆ ಗೊತ್ತಾಗದೆ ಇರುತ್ತಾ?'

ವಾಸುದೇವಣ್ಣನ ತಲೆ ಬೋಳು ಎಂದು ನಾನು ಹೇಳಬಹುದಿತ್ತು. ಅವನು ನಗುತ್ತಿದ್ದ. ಆಮೇಲೆ ಹೇಳಿದರಾಯಿತು ಎಂದುಕೊಂಡೆ.

ಸೆಪ್ಟೆಂಬರ್ 3, ಬುಧವಾರ

ಏನು ಮಾಡಿದೆನೋ ಗೊತ್ತಿಲ್ಲ. ಅಕ್ಷರ ಸೊಟ್ಟಗಾಗುತ್ತಿದೆ.

ಡೈರಿ ಮಾಲೀಕರ ಸಂಘದವರು ಮಧ್ಯಾಹ್ನದ ಊಟಕ್ಕೆ ಬಂದರು. ಗುಜರಾತಿಗಳು, ಪಂಜಾಬಿಗಳು, ಎಲ್ಲಾ ಕೋಟು ಹಾಕಿದ ದೊಡ್ಡ ಮನುಷ್ಯರು. ಒಬ್ಬೊಬ್ಬರಿಗೇ ಹಾರ ಹಾಕುತ್ತಾ 'ಅಲೋಹಾ, ವೆಲ್ಕಮ್' ಎನ್ನುತ್ತಿದ್ದೆ. ಮುಂದಿನ ತಲೆ ನೋಡಿದರೆ ವಾಸುದೇವಣ್ಣ. ಹಾರ ಕೈಯಲ್ಲೇ ನಿಂತಿತು. ಸಿಯೋನೆ ಪಕ್ಕದಲ್ಲೇ ಇದ್ದ. ಕಣ್ಸನ್ನೆ ಮಾಡಿದ್ದರೆ ಅಷ್ಟು ಜನರೆದುರು ತೋಳು ಹಿಡಿದು ಹೊರಗೆ ಕರೆದೊಯ್ಯುತ್ತಿದ್ದ. ನಮಗೆ ಅನ್ನ ಹಾಕಿದ ಮನುಷ್ಯನನ್ನು.

ಅಣ್ಣ ತಾನಾಗಿಯೇ ತಲೆ ಬಗ್ಗಿಸಿದರು. ಉಳಿದವರಿಗೆ ತಿಳಿಯದಿರಲೆಂದು ಮೆಲ್ಲಗೆ ಕನ್ನಡದಲ್ಲಿ, 'ಹಾಕಮ್ಮಾ ತಂಗಿ. ಊಟಕ್ಕಷ್ಟೇ ಬಂದಿರೋದು. ನನ್ ಮರ್ಯಾದೆ ಕಳೀಬೇಡ' ಎಂದರು.

ಹಾಕಿದೆ.

'ವೆಲ್ಕಮ್ ಅಂಕಲ್' ಎಂದ ಸಿಯೋನೆ.

ಊಟಕ್ಕೆ ಅಡ್ಡಿಯಿಲ್ಲವಲ್ಲ, ಆಟದ ಕಡೆಗೆ ಹೋದರೆ ತಾನೇ ತಪ್ಪು? ಸಂಘದವರು ಕೈ ತೊಳೆದು ಹೊರಟರು. ಅವರಲ್ಲಿ ಅಣ್ಣ ಇರಲಿಲ್ಲ. ನನ್ನ ಪಾಳಿ ಮುಗಿಯುವವರೆಗೂ ಬರಲಿಲ್ಲ. ಹಿಂದಿನ ಬಾಗಿಲಿನಿಂದ ಹೋಗಿರಬಹುದು. ನಾಳೆ ಟ್ರೇಸಿಗೆ ಹೇಳುತ್ತೇನೆ.

ಸೆಪ್ಟೆಂಬರ್ 4

ಹೇಳಲಿಲ್ಲ. ಹೇಳಿದರೆ, ನಿನ್ನೆಯೇ ಯಾಕೆ ಹೇಳಲಿಲ್ಲ ಎನ್ನುತ್ತಾಳೆ. ಗೊತ್ತಿದ್ದೂ ಬಿಟ್ಟರೆ ಹೋಟೆಲಿಗೆ ದಂಡ ಬೀಳುತ್ತದೆ, ಬಿಟ್ಟವರಿಗೆ ಕೆಲಸ ಹೋಗುತ್ತದೆ ಎಂದು ಮೊದಲ ದಿನವೇ ಹೇಳಿದ್ದರು. ಮನೆಯಲ್ಲಿ ಒಬ್ಬರು ಮಲಗಿದ್ದಾರೆ. ನಾನೂ ಮಲಗಿದರೆ?

ಸೆಪ್ಟೆಂಬರ್ 12

ಅಣ್ಣ ಒಬ್ಬರೇ ಬಂದರು. ಮಧ್ಯಾಹ್ನ, ಅಂಗಡಿಗೆ ಸಗಟು ಸಾಮಾನು ತರಲು ಹೊರಡುವ ಹೊತ್ತಿಗೆ. ಸಿಯೋನೆ ಟೀ ಕುಡಿಯಲು ಹೋಗಿದ್ದ.

'ಅಣ್ಣಾ, ದಮ್ಮಯ್ಯ, ವಾಪಸ್ ಹೋಗಿ.'

'ಅರ್ಧ ಗಂಟೆ ಕಣಮ್ಮ. ಕೂತು ಬರ್ತೀನಿ. ಆ ಅಂಗಡೀಲಿ ಉಸಿರು ಕಟ್ಟುತ್ತೆ.'

'ಅಕ್ಕನಿಗೆ ಏನು ಹೇಳ್ಲಿ?'

'ಏನೂ ಹೇಳ್ಬೇಡ. ಅವತ್ತು ಹಾರ ಹಾಕಿದ್ದು ನೀನೇ ಅಲ್ವಾ? ಅದನ್ನೂ ಹೇಳ್ತೀಯಾ?'

ಹೆದರಿಸುವ ದನಿಯಲ್ಲ. ತಂಗಿಯ ಜಡೆ ಎಳೆದು ರೇಗಿಸುವ ದನಿ. ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಒಳಗೆ ಹೋಗುವಾಗ ಒಂದು ಪೊಟ್ಟಣ ಕೊಟ್ಟು ಹೋದರು. ಕರಿಬೇವು. ಫಿಜಿಯಿಂದ ಬರುವುದು, ಈಗ ಎಲ್ಲೂ ಸಿಗುತ್ತಿಲ್ಲ.

ಬಿಸಾಡಬೇಕೆಂದುಕೊಂಡೆ. ಇವರಿಗೆ ಮಾಡುವ ಸಾರಿಗೆ ಬೇಕಿತ್ತು. ಒಗ್ಗರಣೆ ಹಾಕಿದಾಗ ಮನೆಯೆಲ್ಲ ಊರಿನ ವಾಸನೆ. ಇವರು ಎಷ್ಟೋ ದಿನದ ಮೇಲೆ ಎದ್ದು ಕೂತು ಉಂಡರು.

ಸೆಪ್ಟೆಂಬರ್ 21

ಚಂದ್ರಿಕಕ್ಕನ ಫೋನು. 'ಇವ್ರೇನಾದ್ರೂ ಆ ಕಡೆ ಸುಳಿದ್ರಾ?'

'ಇಲ್ಲ ಅಕ್ಕಾ.'

'ದೇವರು ದೊಡ್ಡವನು. ಮುಖ ಗೆಲುವಾಗಿದೆ ಕಣೆ ಇತ್ತೀಚೆಗೆ.'

ಅವಳಿಗೂ ನೆಮ್ಮದಿ, ಅಣ್ಣನಿಗೂ ನೆಮ್ಮದಿ. ನನಗೊಬ್ಬಳಿಗೆ ಸಂಕಟ. ಎಲ್ಲರ ಗುಟ್ಟನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳುವ ಕರ್ಮ ನನಗೇ ಯಾಕೆ?

ಅಕ್ಟೋಬರ್ 2

ಅಣ್ಣ ಈಗ ಬುಧವಾರ, ಶುಕ್ರವಾರ ತಪ್ಪುವುದಿಲ್ಲ. ನಾನು ಮಾತಾಡಿಸುವುದಿಲ್ಲ. ಬೇರೆಯವರಿಗೆ ಹಾಕಿದಂತೆ ಹಾರ ಹಾಕುತ್ತೇನೆ, ಅಷ್ಟೆ. ಒಳಗೆ ಹೋಗಿ ಏನು ಮಾಡುತ್ತಾರೋ ನೋಡಲು ನಾನೇನು ಅವರ ತಾಯಿಯೇ? ಬಾಗಿಲವರೆಗೆ ನನ್ನದು.

ಟ್ರೇಸಿ ಇವತ್ತು ಎಲ್ಲರೆದುರು ನನ್ನನ್ನು ಹೊಗಳಿದಳು. ಗೋಡೆಯ ಕಥೆಯನ್ನು ಈಗ ನೋಡಿಕೊಳ್ಳದೆ ಹೇಳುತ್ತೇನೆ. ಕಿಟಕಿಯಿಂದ ಹಾರಿದವರ ಜಾಗದಲ್ಲಿ ಸ್ವಲ್ಪ ನಿಲ್ಲಿಸುತ್ತೇನೆ, ಜನ ನಗುತ್ತಾರೆ.

ಅರ್ಶಿಯಾ ಊಟಕ್ಕೆ ಕೂತಾಗ, 'ಅಮ್ಮೀ, ಯು ಲುಕ್ ಡಿಫರೆಂಟ್' ಎಂದಳು. ಲಿಪ್‌ಸ್ಟಿಕ್ ಎಂದೆ. ಟ್ರೇಸಿಯೇ ಕೊಟ್ಟದ್ದು.

ಅಕ್ಟೋಬರ್ 20, ಸೋಮವಾರ

ದೀಪಾವಳಿ. ಹೋಟೆಲಿನವರಿಗೂ ದೀಪಾವಳಿ. ಪ್ಲಾಸ್ಟಿಕ್ ತೆಂಗಿಗೆ ಕಾಗದದ ಹಣತೆ, ನೆಲಕ್ಕೆ ಅಂಟಿಸುವ ರಂಗೋಲಿ, ಒಳಗೆ ಹೊಸದಾಗಿ ಅಂದರ್-ಬಾಹರ್ ಮೇಜು. ಇಂಡಿಯನ್ನರಿಗೆ ಹಬ್ಬದ ದಿನ ಇಸ್ಪೀಟು ಶುಭವಂತೆ, ಟ್ರೇಸಿಗೆ ಯಾರೋ ಹೇಳಿದ್ದಾರೆ. ಜನವೋ ಜನ. ಅಣ್ಣ ಹಗಲಲ್ಲೇ ಬಂದು ಕೂತಿದ್ದರು, ರೇಷ್ಮೆ ಜುಬ್ಬ ತೊಟ್ಟು.

ಮೂರು ಗಂಟೆ ಹೊತ್ತಿಗೆ ಗಾಜು ಸರಿಯಿತು, ಚಂದ್ರಿಕಕ್ಕ. ಹಸಿರು ಸೀರೆ, ಕೈಯಲ್ಲಿ ಡಬ್ಬ. ಒಳಗೆ ಬರಲಿಲ್ಲ, ಹೊರಗೇ ನಿಂತು ಕೈ ಮಾಡಿದಳು. ನಾನೇ ಹೋದೆ.

'ಕಜ್ಜಾಯ ಮಾಡಿದ್ದೆ. ಪ್ರತಿ ಹಬ್ಬಕ್ಕೂ ಕೊಡ್ತೀನಲ್ಲ. ಸಂಜೆ ನೀನು ದಣಿದಿರ್ತೀಯ ಅಂತ ಇಲ್ಲಿಗೇ ತಂದೆ' ಎಂದಳು. ಅದಕ್ಕೆ ಅಷ್ಟು ದೂರ ರೈಲಿನಲ್ಲಿ ಬರುತ್ತಾರೆಯೇ? ಅವಳ ಕಣ್ಣು ನನ್ನ ಹೆಗಲ ಮೇಲಿಂದ ಒಳಗೇ ಇತ್ತು. ನಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತೆ, ಮೇಜು ಕಾಣದ ಹಾಗೆ.

'ಇವ್ರು ಸಾಮಾನು ತರ್ತೀನಿ ಅಂತ ಹೋದ್ರು. ಫೋನ್ ಎತ್ತುತ್ತಿಲ್ಲ.'

'ಹಬ್ಬದ ರಶ್ಶು ಅಕ್ಕಾ.'

'ಇಲ್ಲಿಗೆ ಬಂದಿಲ್ಲ ತಾನೇ?'

'ಬಂದ್ರೆ ನಾನು ಬಿಡ್ತೀನಾ?'

ಅಷ್ಟರಲ್ಲಿ ಒಳಗಿಂದ ಯಾರೋ 'ಬಾಹರ್! ಬಾಹರ್ ಬಂತು ನೋಡ್ರೋ!' ಎಂದು ಕೂಗಿದರು. ಅವಳು ಕಿವಿಗೊಟ್ಟಳು.

'ನಮ್ಮೋರ ದನಿ ಇದ್ದಂಗಿದೆ.'

'ಇವತ್ತು ಎಲ್ಲಾ ನಮ್ಮೋರೇ ಅಲ್ವಾ ಅಕ್ಕಾ ಬಂದಿರೋದು' ಎಂದೆ. ನಕ್ಕೆ. ಎಷ್ಟು ಸಲೀಸಾಗಿ ಬಂತು ಆ ನಗು.

'ಒಳಗೆ ಬಂದು ಒಂದ್ಸಲ ನೋಡ್ಲಾ?'

'ನಿಮ್ಮಂಥೋರು ಬರೋ ಜಾಗ ಅಲ್ಲ ಬಿಡಿ. ಯಾರಾದ್ರೂ ನೋಡಿದ್ರೆ ನಿಮ್ಮ ಬಗ್ಗೇನೂ ಮಾತಾಡ್ತಾರೆ.'

ಅವಳು ಸೆರಗು ಸರಿಮಾಡಿಕೊಂಡು, 'ಅದೂ ನಿಜ' ಎಂದು ಹೊರಟಳು. ರಸ್ತೆಯ ತಿರುವಿನವರೆಗೆ ತಿರುಗಿ ತಿರುಗಿ ನೋಡಿದಳು. ಗಾಳಿಗೆ ಸೀರೆ ನಿಲ್ಲುತ್ತಿರಲಿಲ್ಲ.

ಎದೆ ಹೊಡೆದುಕೊಳ್ಳುತ್ತದೆ ಎಂದು ಕಾದೆ. ಏನೂ ಆಗಲಿಲ್ಲ. ಕಜ್ಜಾಯ ಸ್ವಲ್ಪ ಗಟ್ಟಿಯಾಗಿತ್ತು.

ನವೆಂಬರ್ 8

ಡೈರಿ ಮುಚ್ಚಿದೆ. ಗಾಜಿಗೆ ಬ್ಯಾಂಕಿನವರ ಕಾಗದ ಅಂಟಿಸಿದ್ದಾರಂತೆ, ಇವರು ನೋಡಿಕೊಂಡು ಬಂದರು. ಅಣ್ಣ ಎಲ್ಲವನ್ನೂ ಒಪ್ಪಿಕೊಂಡಿದ್ದಾರೆ, ಅಲೋಹಾಕ್ಕೆ ಹೋಗುತ್ತಿದ್ದೆ ಎಂದು. ನನ್ನ ಹೆಸರು ಹೇಳಿಲ್ಲ. ಜಮೀಲಾ ಇಲ್ಲದ ಹೊತ್ತು ನೋಡಿ ಹೋಗುತ್ತಿದ್ದೆ ಎಂದಿದ್ದಾರೆ. ಎಷ್ಟಾದರೂ ದೊಡ್ಡ ಮನುಷ್ಯರು.

ಇವರು, 'ನಿನಗೆ ಒಂದು ಸಲವೂ ಕಾಣಲಿಲ್ಲವೇ?' ಎಂದರು. ದಿನಕ್ಕೆ ಎಷ್ಟು ತಲೆ ಬರುತ್ತವೆ ಗೊತ್ತೇ, ನಿಂತು ನೋಡಿ ಎಂದೆ. ಸುಮ್ಮನಾದರು. ಇತ್ತೀಚೆಗೆ ಇವರನ್ನು ಸುಮ್ಮನಾಗಿಸುವುದು ಕಷ್ಟವಲ್ಲ.

ನವೆಂಬರ್ 19

ಚಂದ್ರಿಕಕ್ಕ ಹೋಟೆಲಿನ ಮೇಲೆ ದೂರು ಕೊಟ್ಟಿದ್ದಾಳೆ. ಬೇಡವೆಂದು ಸೈನ್ ಹಾಕಿಕೊಟ್ಟ ಮೇಲೂ ಒಳಗೆ ಬಿಟ್ಟಿರಿ ಎಂದು. ಕೌನ್ಸೆಲರ್ ಜೊತೆಗಿದ್ದಾರಂತೆ. ದೂರು ಗೆದ್ದರೆ ಬ್ಯಾಂಕಿನವರಿಂದ ಸ್ವಲ್ಪ ಕಾಲಾವಕಾಶವಾದರೂ ಸಿಕ್ಕೀತು, ಅಂಗಡಿ ಉಳಿದೀತು ಎಂದು ಅವಳ ಆಸೆ. ನನಗೆ ಫೋನು ಮಾಡಿದ್ದಳು. 'ಬಾಗಿಲಲ್ಲಿ ಬೇರೆ ಯಾರಿರ್ತಿದ್ರು, ಅದೊಂದು ಹೇಳು ಸಾಕು' ಎಂದಳು. ವಿಚಾರಿಸುತ್ತೇನೆ ಎಂದೆ.

ಟ್ರೇಸಿ ನನ್ನನ್ನೂ ಸಿಯೋನೆಯನ್ನೂ ಕರೆದಳು. ಮೇಜಿನ ಮೇಲೆ ಪೇಟದ ಫೋಟೋ. ಕ್ಯಾಮೆರಾದಲ್ಲಿ ಇಷ್ಟು ಹಿಂದಿನದು ಉಳಿದಿಲ್ಲವಂತೆ.

'ಈ ಮನುಷ್ಯನನ್ನು ಇಲ್ಲಿ ನೋಡಿದ್ದೀರಾ?'

'ಪೇಟದವರನ್ನಂತೂ ನೋಡಿಲ್ಲ' ಎಂದ ಸಿಯೋನೆ. ಪಾಪ, ನಿಜವನ್ನೇ ಹೇಳಿದ.

ನಾನೂ ನೋಡಿಲ್ಲ ಎಂದೆ. 'ಇಂಥ ಫೋಟೋ ಕೊಟ್ಟರೆ ಯಾರಿಗೆ ತಾನೇ ಗುರುತು ಸಿಗುತ್ತದೆ ಮೇಡಂ? ಕೊಟ್ಟವರದೇ ತಪ್ಪು' ಎಂದೂ ಸೇರಿಸಿದೆ. ಅದನ್ನೇ ಬರೆದುಕೊಂಡಳು. ಒಂದಕ್ಷರ ಬಿಡದೆ.

ಡಿಸೆಂಬರ್ 3

ದೂರು ಬಿದ್ದುಹೋಯಿತು. ಕೊಟ್ಟ ಫೋಟೋ ಸರಿಯಿಲ್ಲ ಎಂದು.

ನನಗೆ ಬಾಗಿಲಿನ ಮೇಲ್ವಿಚಾರಣೆ ಕೊಟ್ಟರು. ಸಮೋವಾದ ಹುಡುಗಿಯರಿಬ್ಬರು ನನ್ನ ಕೈಕೆಳಗೆ. ಹಾರವನ್ನು ಎಳೆದಾಡುತ್ತಾರೆ, ಮುಖದಲ್ಲಿ ನಗು ತರಲು ಬರುವುದಿಲ್ಲ. ಕಲಿಸಬೇಕು.

ಡಿಸೆಂಬರ್ 12, ಶುಕ್ರವಾರ

ಚಂದ್ರಿಕಕ್ಕ ಬಂದಿದ್ದಳು. ನಾಳೆ ವೆಲ್ಲಿಂಗ್ಟನ್ನಿಗೆ ಹೊರಡುತ್ತಾರಂತೆ, ಅವಳ ತಮ್ಮ ಚಂದ್ರಹಾಸನ ಮನೆಗೆ. ಅವನ ಹೆಂಡತಿಗೆ ಕೂಸಾಗಿದೆ, ನೋಡಿಕೊಳ್ಳಲು ಜನ ಬೇಕು. 'ನಮಗೂ ಒಂದು ಮೂಲೆ ಸಿಕ್ಕಂಗಾಯ್ತು' ಎಂದಳು. ಟೀ ಕೊಟ್ಟೆ, ಮುಟ್ಟಲಿಲ್ಲ.

'ಇವ್ರು ಹೇಳಿದ್ರು' ಎಂದಳು.

ನಾನು ಸಕ್ಕರೆ ಡಬ್ಬವನ್ನು ಅವಳ ಕಡೆ ಸರಿಸಿದೆ.

'ನಿನ್ನ ಬಯ್ಯಬೇಡ ಅಂತಾನೂ ಹೇಳಿದ್ರು. ಬಯ್ಯಕ್ಕೆ ಬಂದಿಲ್ಲ. ಹಬ್ಬದ ದಿನ ಅಲ್ಲೇ ಇದ್ರಂತಲ್ಲೇ. ನಾನು ಹೊರಗೆ ಡಬ್ಬ ಹಿಡ್ಕೊಂಡು ನಿಂತಿದ್ದೆ.'

'ಅಕ್ಕಾ, ನಾನು...'

'ಒಂದ್ಸಲ ಫೋನ್ ಮಾಡ್ಬೋದಿತ್ತಲ್ವೇನೇ ಜಮೀಲಾ. ಮೊದಲ ದಿನವೇ. ನಾನು ಬಂದು ಕೈ ಹಿಡಿದು ಕರ್ಕೊಂಡ್ ಹೋಗ್ತಿದ್ದೆ. ನಿನ್ನ ಹೆಸರು ಎಲ್ಲಿ ಬರ್ತಿತ್ತು ಅದರಲ್ಲಿ?'

'ನನ್ನ ಕೆಲಸ ಹೋಗ್ತಿತ್ತು ಅಕ್ಕಾ.'

'ಹೂಂ. ಹೋಗ್ತಿತ್ತೇನೋ.' ಎದ್ದಳು. 'ಹೋದ್ರೆ ಅಂಗಡಿ ಹಿಂದಿನ ರೂಮು ಇತ್ತಲ್ಲೇ. ಮೊದಲೂ ಅಲ್ಲೇ ಇದ್ರಲ್ವಾ ನೀವು?'

ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡಳು. ಹೇಳಿಬಿಡುವುದು ಎಷ್ಟು ಸುಲಭ. ನನ್ನ ಜಾಗದಲ್ಲಿ ನಿಂತು ನೋಡಲಿ. ಅಣ್ಣನ ಕೈ ಹಿಡಿದು ಎಳೆದವಳು ನಾನಲ್ಲ. ಹಾರ ಎಲ್ಲರಿಗೂ ಹಾಕುತ್ತೇನೆ.

ಅರ್ಶಿಯಾ ಅಡುಗೆಮನೆಯಲ್ಲಿದ್ದಳು, ಎಲ್ಲಾ ಕೇಳಿಸಿಕೊಂಡಿದ್ದಾಳೆ. ಕನ್ನಡ ಅಷ್ಟೊಂದು ತಿಳಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಚಂದ್ರಿಕಕ್ಕನ ಹಿಂದೆಯೇ ಓಡಿ ರೈಲಿನವರೆಗೆ ಹೋಗಿ ಬಂದಳು. ಬಂದವಳು ಟೀ ಲೋಟವನ್ನು ತೊಳೆದಿಟ್ಟಳು. ನನ್ನನ್ನು ಏನೂ ಕೇಳಲಿಲ್ಲ. ಒಳ್ಳೆಯದಾಯಿತು, ದಣಿದಿದ್ದೆ.

ಡಿಸೆಂಬರ್ 16

ಅರ್ಶಿಯಾ ಆಲ್ಬನಿಯಲ್ಲಿ ಗೆಳತಿಯರ ಜೊತೆ ಫ್ಲ್ಯಾಟು ಹಿಡಿದಿದ್ದಾಳೆ. ಬೆಳಿಗ್ಗೆ ಒಬ್ಬಳ ಕಾರಿನಲ್ಲಿ ಸಾಮಾನು ತುಂಬಿಕೊಂಡು ಹೋದಳು. ಇವರನ್ನು ಅಪ್ಪಿಕೊಂಡಳು, ನನಗೆ 'ಬೈ ಅಮ್ಮೀ' ಎಂದಳು. ಓಡಾಟ ಜಾಸ್ತಿಯಂತೆ, ಕಾಲೇಜಿಗೆ ಹತ್ತಿರವಾಗಲಿ ಎಂದು. ಒಳ್ಳೆಯದೇ. ಇನ್ನು ಅವಳ ರೈಲು ಬಸ್ಸು ಕಾಯುವ ಚಿಂತೆ ನನಗಿಲ್ಲ.

ಈಗ ರಜೆ, ಕಾಲೇಜು ಮತ್ತೆ ತೆರೆಯುವುದು ಫೆಬ್ರವರಿ ಕೊನೆಗೆ.